ಮೊದಲು ದಂಟು, ಆಮೇಲೆ ಹೂವು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ರಾಶಿ ಬೀಳುವ ಹೂವಿಗೆ ದಂಟಿಲ್ಲ. ಸೇವಂತಿಗೆ, ಚೆಂಡುಹೂ, ಕನಕಾಂಬರ, ಬಟನ್ ರೋಸು, ಎಲ್ಲವೂ ಕುತ್ತಿಗೆಗೆ ಕಿತ್ತು ತಂದವು. ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಕಟ್ಟಿದ ಮೇಲೆ ಅದು ಮೊಳವೋ ಮಾರೋ ಆಗುತ್ತದೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಗಾದರೆ ಚೆಂಡು, ಅಟ್ಟೆ ಎಂಬ ಬೇರೆಯೇ ಅಳತೆ. ನಮ್ಮ ಹೂವಿನ ರಸಿಕತೆಯೆಲ್ಲ ಬೆಳೆದದ್ದು ಮುಡಿಗೆ, ದೇವರಿಗೆ, ಬಾಗಿಲ ತೋರಣಕ್ಕೆ. ಅಲ್ಲಿ ದಂಟಿಗೆ ಏನು ಕೆಲಸ?

ಹಾಗಾಗಿ ಹೂದಾನಿ ಮನೆಗೆ ಬಂದಾಗಲೂ ಮಾಲೆ ಕಟ್ಟುವ ಕಣ್ಣಿನಿಂದಲೇ ಅದನ್ನು ತುಂಬಿದೆವು. ಎಲ್ಲೂ ಸಂದಿಲ್ಲ, ಎಲ್ಲ ಹೂವೂ ಒಂದೇ ಎತ್ತರ, ಬೆಳಗಿನ ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ. ಮಾಲೆಗೆ ಒತ್ತಾಗಿರುವುದೇ ಗುಣ. ಹೂದಾನಿಗೆ ಅದೇ ಶತ್ರು. ಇವತ್ತಿನ ಪುಷ್ಪವಿನ್ಯಾಸ ಎಂದು ಕರೆಸಿಕೊಳ್ಳುವುದರ ಮೂಲದ್ರವ್ಯ ದಂಟು, ಎಲೆ, ಮತ್ತು ಇವೆರಡರ ನಡುವೆ ಉಳಿಯುವ ಬಯಲು. ಹೂವು ಕಡೆಗೆ ಬರುತ್ತದೆ, ಅದೂ ಲೆಕ್ಕಕ್ಕೆ ನಾಲ್ಕೈದು.

ಇದನ್ನು ಶಾಸ್ತ್ರದಷ್ಟು ಖಚಿತವಾಗಿ ಹೇಳಿಕೊಟ್ಟವರು ಜಪಾನಿನವರು. ಅವರ ಹೂಜೋಡಣೆಯ ಕಲೆ ಇಕೆಬಾನಾ ಎಂದೊಡನೆ ಹಳೆಯ ಗುಡಿ, ಸನ್ಯಾಸಿ, ಮೌನ ಎಂದೆಲ್ಲ ನೆನಪಾಗುವುದು ಸಹಜ. ಆದರೆ ನಮ್ಮ ಮನೆಗಳಿಗೆ ಒಗ್ಗುವುದು ಅದರ ಹೊಸ ಕವಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಹಾರಾ ಉನ್ಶಿನ್ ಎತ್ತರದ ಹೂಜಿಗಳನ್ನು ಬದಿಗಿಟ್ಟು, ಅಗಲ ಬಾಯಿಯ ತಗ್ಗು ತಟ್ಟೆಯಲ್ಲಿ ಹೂ ಜೋಡಿಸುವ ಮೊರಿಬಾನಾ ಪದ್ಧತಿ ತಂದರು. ಪಶ್ಚಿಮದಿಂದ ಬಂದಿದ್ದ ಗಿಡ್ಡ ದಂಟಿನ ಹೂವುಗಳಿಗೂ ಅದರಲ್ಲಿ ಜಾಗ ಸಿಕ್ಕಿತು. 1927ರಲ್ಲಿ ಸೋಫು ತೆಶಿಗಹಾರಾ ಸೊಗೆತ್ಸು ಶಾಲೆ ಕಟ್ಟಿದರು. ಹೂ ಜೋಡಿಸಲು ಇಂಥದೇ ಜಾಗ, ಇಂಥವರೇ, ಇಂಥದೇ ವಸ್ತು ಎಂಬ ನಿಯಮ ಬೇಡ ಎಂದ ಮನುಷ್ಯ ಆತ. ಯುದ್ಧಾನಂತರ ಕಬ್ಬಿಣದ ಚೂರುಪಾರು, ಮರದ ಬೊಡ್ಡೆ ಕೂಡ ಅವರ ವಿನ್ಯಾಸದೊಳಗೆ ಬಂದವು. ಮಗ ಹಿರೋಶಿ, ‘ವುಮನ್ ಇನ್ ದ ಡ್ಯೂನ್ಸ್’ ಸಿನಿಮಾದ ನಿರ್ದೇಶಕ, 1980ರಲ್ಲಿ ಶಾಲೆಯ ಯಜಮಾನಿಕೆ ವಹಿಸಿಕೊಂಡು ಬಿದಿರಿನ ಸೀಳುಗಳಲ್ಲಿ ಇಡೀ ಸಭಾಂಗಣಗಳನ್ನೇ ಬಾಗಿಸಿದರು. (ಆ ಸಿನಿಮಾದ ತುಂಬ ಮರಳೇ ಮರಳು. ಹೂವಿನ ಮನೆತನದವರು ಮಾಡಿದ್ದು ಅಂದರೆ ನಂಬುವುದು ಕಷ್ಟ.)

ಇಷ್ಟು ಸ್ವಾತಂತ್ರ್ಯ ಕೊಟ್ಟ ಶಾಲೆ ಮೊದಲ ಪಾಠದಲ್ಲಿ ಮಾತ್ರ ಬಲು ಜಿಪುಣ. ತಟ್ಟೆಯ ಅಗಲಕ್ಕೆ ಅದರ ಎತ್ತರ ಕೂಡಿಸಿ. ಬಂದದ್ದರ ಒಂದೂವರೆಯಿಂದ ಎರಡು ಪಟ್ಟು ಉದ್ದದ್ದು ಮುಖ್ಯ ಕಡ್ಡಿ, ಶಿನ್. ಅದರ ಮುಕ್ಕಾಲು ಪಾಲು ಸೊಯೆ. ಸೊಯೆಯ ಮುಕ್ಕಾಲು ಹಿಕಾಯೆ. ನಿಮ್ಮ ತಟ್ಟೆ 25 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರವಿದ್ದರೆ ಮೂರು ಕಡ್ಡಿಗಳು ಸುಮಾರು 60, 45, 34 ಸೆಂ.ಮೀ. ನೆಟ್ಟಗಿನ ರೇಖೆಯಿಂದ ಮೊದಲನೆಯದು 15 ಡಿಗ್ರಿ ವಾಲಬೇಕು, ಎರಡನೆಯದು 45, ಮೂರನೆಯದು 75. ಅಲಂಕಾರದಲ್ಲಿ ಕೋನಮಾಪಕ ಯಾಕೆ ಎಂದು ಮೂಗು ಮುರಿಯುವವರಿಗೆ ನನ್ನದೊಂದೇ ಸಲಹೆ: ಒಂದು ಸಲ ಹಾಗೇ ಮಾಡಿ ನೋಡಿ, ಆಮೇಲೆ ಮುರಿಯಿರಿ. ತೋಟದ ಮೂಲೆಯ ಸೀಬೆ ಕೊಂಬೆಯೊಂದು, ಅದರ ಬುಡದಲ್ಲಿ ಎರಡು ಆಂಥೂರಿಯಂ, ತಟ್ಟೆಯ ಮುಕ್ಕಾಲು ಭಾಗ ಬರೀ ನೀರು, ಇಷ್ಟರಲ್ಲೇ ಮನೆಯ ಮುಂದಿನ ಕೋಣೆಯ ಮುಖ ಬದಲಾಗುತ್ತದೆ.

ಕಡ್ಡಿಗಳನ್ನು ಹಿಡಿದು ನಿಲ್ಲಿಸುವುದು ಕೆನ್ಜಾನ್, ಸೀಸದ ಬುಡದ ಮೇಲೆ ಹಿತ್ತಾಳೆಯ ಮೊಳೆಗಳಿರುವ ಹಲಗೆ. ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಗಟ್ಟಿ ಕೊಂಬೆಯ ಬುಡವನ್ನು ಓರೆಯಾಗಿ ಕತ್ತರಿಸಿ, ಮೊದಲು ನೇರ ಚುಚ್ಚಿ, ಆಮೇಲೆ ಬೇಕಾದ ಕಡೆ ಬಾಗಿಸಬೇಕು. ಮೆದು ದಂಟಾದರೆ ಚಪ್ಪಟೆ ಕತ್ತರಿಸಿದರೆ ಸಾಕು. ಕೆನ್ಜಾನ್ ಇಲ್ಲದವರು ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಉಂಡೆ ಮಾಡಿ ಪಾತ್ರೆಯೊಳಗೆ ತುರುಕಬಹುದು, ಅದೇನೂ ಅವಮಾನವಲ್ಲ. ಹೂವಿನಂಗಡಿಯವರು ಕೊಡುವ ಹಸಿರು ಸ್ಪಂಜಿನ ಇಟ್ಟಿಗೆಯೊಂದು ಬೇಡ. 1954ರಲ್ಲಿ ಅಮೆರಿಕದ ವರ್ನನ್ ಸ್ಮಿದರ್ಸ್ ಕಂಡುಹಿಡಿದ ಈ ಫೋಮು ಕೆಲಸವನ್ನು ಸಲೀಸು ಮಾಡಿದ್ದು ನಿಜ. ಮದುವೆ ಮಂಟಪದ ಹೂಕಮಾನುಗಳೆಲ್ಲ ಅದರ ಮೇಲೆಯೇ ನಿಂತಿವೆ. ಆದರೆ ಅದು ಫೀನಾಲ್-ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ, ಪುಡಿ ನೀರಿನೊಂದಿಗೆ ಚರಂಡಿ ಸೇರುತ್ತದೆ, ಕರಗುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಅದನ್ನು ನಿಷೇಧಿಸಿದೆ.

ಅದೇ ಬ್ರಿಟನ್ನಿನಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬಾಕೆ ಇದ್ದರು. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಸುಗಂಧದ ಅಂಗಡಿಯೊಂದರ ಕಿಟಕಿಯಲ್ಲಿ ಬೇಲಿಸಾಲಿನ ಕಾಡುಗಿಡಗಳನ್ನು ಇಟ್ಟು ಜನ ನಿಂತು ನೋಡುವಂತೆ ಮಾಡಿದಾಕೆ. ಎಲೆಕೋಸಿನ ಜಾತಿಯ ಕೇಲ್ ಸೊಪ್ಪು ಗುಲಾಬಿಯ ಪಕ್ಕ ಕೂತಿದ್ದು ಈಕೆಯ ಕೈಯಲ್ಲಿ. ಅಡುಗೆಮನೆಯ ಯಾವ ಪಾತ್ರೆಯೂ ಈಕೆಗೆ ಹೂದಾನಿಯೇ. ಈ ಒಂದು ಪಾಠವನ್ನು ನಾವು ಕಣ್ಣುಮುಚ್ಚಿ ಕದಿಯಬಹುದು, ಏಕೆಂದರೆ ಅಟ್ಟದ ಮೇಲೆ ನಮ್ಮಷ್ಟು ಪಾತ್ರೆ ಇಟ್ಟವರು ಬೇರೆ ಯಾರಿದ್ದಾರೆ! ಉಪ್ಪಿನಕಾಯಿ ಭರಣಿ, ಕಂಚಿನ ಉರುಳಿ, ಕಲ್ಲಿನ ಮರಿಗೆ, ಕುತ್ತಿಗೆ ಸಣ್ಣಗಿರುವ ಚೆಂಬು. ಗಾಜಿನ ಹೊಳಪಿನ ಹೂದಾನಿಗಿಂತ ಇವುಗಳ ಮಂಕು ಬಣ್ಣದೆದುರು ಹಸಿರು ಚೆನ್ನಾಗಿ ಏಳುತ್ತದೆ. ಮರಿಗೆಯ ಅಗಲ ಬಾಯಿಯಂತೂ ಮೊರಿಬಾನಾಕ್ಕೆಂದೇ ಕಡೆದಂತಿದೆ.

ಇನ್ನು ಏನು ತರುವುದು? ಸುಗಂಧರಾಜವನ್ನೇ ತೆಗೆದುಕೊಳ್ಳಿ. ಒಂದು ಸುತ್ತಿನ ಎಸಳಿನದು ಬಿಡಿಹೂವಾಗಿ ಮಾಲೆಗೆ ಹೋಗುತ್ತದೆ. ಇಮ್ಮಡಿ ಎಸಳಿನದು ದಂಟಿನ ಸಮೇತ ಹೂದಾನಿಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೂಡ ಎರಡು ಬಳಕೆಗೂ ತಳಿ ಮಾಡಿದ್ದಾರೆ, ಶೃಂಗಾರ್ ಮತ್ತು ಪ್ರಜ್ವಲ್ ಮಾಲೆಗೆ, ಸುವಾಸಿನಿ ಮತ್ತು ವೈಭವ್ ದಂಟಿಗೆ. ಮಾರುಕಟ್ಟೆಯಲ್ಲಿ ದಂಟಿನದು ಕೇಳಿ ಪಡೆಯಿರಿ, ಮೂರೇ ಕಡ್ಡಿ ಸಾಕು. ಹೆಚ್ಚಾದರೆ ಕೋಣೆಯಲ್ಲಿ ಕಲ್ಯಾಣಮಂಟಪದ ವಾಸನೆ. ಕೊಡಗಿನ ನೆರಳುಮನೆಗಳಿಂದ ಬರುವ ಆಂಥೂರಿಯಂ ಎರಡು ವಾರ ಅಲುಗುವುದಿಲ್ಲ. ಬರ್ಡ್ ಆಫ್ ಪ್ಯಾರಡೈಸಿನ ಒಂದು ಕೊಕ್ಕಿನೊಳಗೆ ಹಲವು ಹೂ ಅಡಗಿರುತ್ತವೆ. ಮೊದಲನೆಯದು ಬಾಡಿದಾಗ ಎರಡನೆಯದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಹೊರಗೆ ತರಬಹುದು. ಕರಾವಳಿಯವರ ಕೈಯಲ್ಲಿ ಇವೆಲ್ಲಕ್ಕಿಂತ ಮಿಗಿಲಾದದ್ದೊಂದಿದೆ: ಅಡಿಕೆಯ ಹೂಗೊಂಚಲು, ಹಿಂಗಾರ. ನಾಗಪೂಜೆಗೆ ತಂದು ಮಿಕ್ಕ ಒಂದು ಎಸಳು ಹಿಂಗಾರವನ್ನು ಎತ್ತರದ ಕಪ್ಪು ಜಾಡಿಯಲ್ಲಿ, ಬೇರೇನೂ ಸೇರಿಸದೆ, ಒಂದು ಕಡೆಗೆ ಜೋತುಬೀಳುವಂತೆ ಇಟ್ಟು ನೋಡಿ. ಟೋಕಿಯೊದ ಗುರುಗಳೂ ತಲೆದೂಗಬೇಕು. ಬೀಳುವ ಅಕ್ಕಿಕಾಳಿನಂಥ ಹೂವನ್ನು ಗುಡಿಸಬೇಕಾಗುತ್ತದೆ, ಅಷ್ಟೆ. ಜರ್ಬೆರಾದ ಸುತ್ತ ಬಿಳಿ ಜಿಪ್ಸೊಫಿಲಾ ಚೆಲ್ಲಿದ ಪುಷ್ಪಗುಚ್ಛದ ಬಗ್ಗೆ ನನಗೆ ಹೇಳಲು ಒಳ್ಳೆಯದೇನೂ ಇಲ್ಲ.

ತಂದದ್ದು ಬಾಳಬೇಕಾದರೆ ನೀರಿನ ಮರ್ಮ ತಿಳಿದಿರಬೇಕು. ದಂಟನ್ನು ಕತ್ತರಿಸಿದ ಕ್ಷಣದಲ್ಲೇ ಅದರ ನೀರ್ನಾಳಗಳು ಗಾಳಿಯನ್ನು ಎಳೆದುಕೊಳ್ಳುತ್ತವೆ. ಆ ಗುಳ್ಳೆ ನೀರಿನ ದಾರಿಗೆ ಅಡ್ಡ ಕೂರುತ್ತದೆ. ಅದಕ್ಕೇ ಮನೆಗೆ ತಂದ ಮೇಲೆ ಬಕೆಟ್ಟಿನ ನೀರಿನೊಳಗೇ ದಂಟನ್ನು ಮುಳುಗಿಸಿ, ಎರಡು ಬೆರಳಿನಷ್ಟು ಮತ್ತೆ ಕತ್ತರಿಸಬೇಕು. ಜಪಾನಿಗರು ಮಿಜುಕಿರಿ ಅನ್ನುವುದು ಇದನ್ನೇ. ಎರಡನೆಯ ಅಡ್ಡಿ ಬ್ಯಾಕ್ಟೀರಿಯಾ. ನೀರಿನೊಳಗೆ ಎಲೆ ಕೊಳೆತರೆ ಅವು ಬೆಳೆದು ನಾಳದ ಬಾಯಿ ಮುಚ್ಚುತ್ತವೆ, ಗುಲಾಬಿ ಕತ್ತು ಬಗ್ಗಿಸುತ್ತದೆ. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಉಣ್ಣುವವು ಅವೇ. ದಿನಾ ನೀರು ಬದಲಿಸುವುದಕ್ಕೆ ಸಮನಾದ ಮದ್ದಿಲ್ಲ. ಜರ್ಬೆರಾದ ರೋಮವಿರುವ ಮೆದು ದಂಟು ಆಳದ ನೀರಿನಲ್ಲಿ ಕೊಳೆಯುತ್ತದೆ, ಅದಕ್ಕೆ ಎರಡಂಗುಲ ನೀರು ಸಾಕು. ಹೈಡ್ರೇಂಜಿಯ ತದ್ವಿರುದ್ಧ, ಬಾಡಿದರೆ ತಲೆಯನ್ನೇ ನೀರಲ್ಲಿ ಮುಳುಗಿಸಿಡಿ, ಎಸಳಿನಿಂದಲೂ ಕುಡಿದು ಎದ್ದು ಕೂರುತ್ತದೆ.

ಊಟದ ಮೇಜಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇದ್ದರೆ ಕಾರ್ನೇಷನ್ನನ್ನು ಅಲ್ಲಿಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅದು ಮೊಗ್ಗಿನಂತೆ ಮುದುಡಿಬಿಡುತ್ತದೆ. ಫ್ಯಾನಿನ ನೇರ ಕೆಳಗೂ ಬೇಡ. ಟಿ.ವಿ. ಪಕ್ಕ ಇಡುವವರು ಟಿ.ವಿ.ಯನ್ನೇ ನೋಡುತ್ತಾರೆ.

ಕಣ್ಣು ಪಳಗಿಸಿಕೊಳ್ಳಲು ಲಾಲ್‌ಬಾಗ್ ಇದೆ. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದಲ್ಲಿ ಜನರೆಲ್ಲ ಗಾಜಿನಮನೆಯ ಸಾಲಿನಲ್ಲಿ ನಿಂತಿರುತ್ತಾರೆ. ಇಕೆಬಾನಾ, ತೆಂಗಿನ ಎಳೆಗರಿಯ ಅಲಂಕಾರವಾದ ಜಾನೂರು, ತರಕಾರಿ ಕೆತ್ತನೆಯ ಸ್ಪರ್ಧೆ ನಡೆಯುವುದು ಡಾ. ಎಂ.ಎಚ್. ಮರೀಗೌಡ ಸ್ಮಾರಕ ಭವನದಲ್ಲಿ. ಪ್ರದರ್ಶನದ ಎಲ್ಲ ದಿನವೂ ಅದು ಇರುವುದಿಲ್ಲ, ತಾರೀಖು ವಿಚಾರಿಸಿಕೊಂಡು ಬೆಳಿಗ್ಗೆಯೇ ಹೋಗಿ. ಬಹುಮಾನದ ಚೀಟಿ ಎಲ್ಲಿದೆ ಎಂದು ಹುಡುಕಬೇಡಿ. ಪ್ರತಿ ತಟ್ಟೆಯ ಮುಂದೆ ಬಗ್ಗಿ, ದಂಟು ನೀರಿನಿಂದ ಮೇಲೇಳುವ ಜಾಗ ನೋಡಿ. ಪಳಗಿದ ಕೈ ಯಾವುದು, ಅವಸರದ್ದು ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ.