ಹ್ಯಾಂಬರ್ಗಿನ ಎರಡು ಪೀಪಾಯಿಗಳು

1666ರ ಸೆಪ್ಟೆಂಬರ್ 16ರಂದು ಎದಿರ್ನೆಯ ಅರಮನೆಯಲ್ಲಿ ಶಬ್ಬತಾಯ್ ಝ್ವಿ ಆಟೊಮನ್ ಸುಲ್ತಾನನ ಎದುರು ಇಸ್ಲಾಂ ಸ್ವೀಕರಿಸಿದ. ಒಪ್ಪದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಹಿಂದಿನ ದಿನದವರೆಗೆ ಯೆಮೆನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗಿನ ಅಸಂಖ್ಯ ಯೆಹೂದಿಗಳಿಗೆ ಅವನೇ ಮೆಸ್ಸೀಯ, ಶತಮಾನಗಳಿಂದ ಕಾದ ದಾವೀದನ ಕುಲದ ಅರಸ.

ಈ ಕಥೆಯನ್ನು ಇತಿಹಾಸಕಾರ ಗೆರ್ಶೊಮ್ ಶೋಲೆಮ್ ಬರೆದಷ್ಟು ಸಮಗ್ರವಾಗಿ ಬೇರಾರೂ ಬರೆದಿಲ್ಲ. 1957ರಲ್ಲಿ ಹೀಬ್ರೂವಿನಲ್ಲಿ ಬಂದು, 1973ರಲ್ಲಿ ಇಂಗ್ಲಿಷಿಗೆ ಹೋದ ಅವರ 'ಶಬ್ಬತಾಯ್ ಝ್ವಿ' ಸುಮಾರು ಸಾವಿರ ಪುಟಗಳ ಗ್ರಂಥ. ಹಿಂದಿನ ಅನೇಕ ವಿದ್ವಾಂಸರು ನಾಚಿಕೆಯಿಂದ ಮುಚ್ಚಿಡಲು ನೋಡಿದ ಅಧ್ಯಾಯವನ್ನು ಶೋಲೆಮ್ ಬಿಚ್ಚಿಟ್ಟರು. ನಂಬಿದವರನ್ನು ಮರುಳರೆಂದು ಅವರು ತಳ್ಳಿಹಾಕುವುದಿಲ್ಲ. ಅವರ ಈ ಗೌರವವೇ ಪುಸ್ತಕದ ನಿಜವಾದ ಬಲ. ಶಬ್ಬತಾಯನ ಉನ್ಮಾದ ಮತ್ತು ಕುಸಿತದ ಸರದಿಗಳನ್ನು ಮನೋವ್ಯಾಧಿಯೆಂದು ಗುರುತಿಸುವಾಗಲೂ ಅವರು ಅವನನ್ನು ಕೀಳಾಗಿಸುವುದಿಲ್ಲ. ಚಳವಳಿಯ ಬೆನ್ನೆಲುಬು ಗಾಜಾದ ನಾಥಾನ್ ಎಂಬ ಯುವ ಪ್ರವಾದಿ ಎಂಬುದನ್ನು ಎಳೆಎಳೆಯಾಗಿ ತೋರಿಸುತ್ತಾರೆ. ಮತಾಂತರದ ನಂತರವೂ ನಾಥಾನ್ ಕದಲಲಿಲ್ಲ: ಮೆಸ್ಸೀಯ ಕತ್ತಲಿಗೆ ಇಳಿದದ್ದು ಅಲ್ಲಿ ಸಿಕ್ಕಿಬಿದ್ದ ಬೆಳಕಿನ ಕಿಡಿಗಳನ್ನು ಬಿಡಿಸಲೆಂದು ಸಾರಿದ.

ಆದರೆ ಇಷ್ಟೊಂದು ಜನ ಏಕೆ ನಂಬಿದರು? ಇಸಾಕ್ ಲೂರಿಯಾನ ಕಬ್ಬಾಲಾ ಎಂಬ ಯೆಹೂದಿ ಅನುಭಾವ ಎಲ್ಲೆಡೆ ಹರಡಿ ನೆಲವನ್ನು ಹದಮಾಡಿತ್ತು ಎಂಬುದು ಶೋಲೆಮ್ ಉತ್ತರ. 1648ರಲ್ಲಿ ಉಕ್ರೇನಿನಲ್ಲಿ ಶುರುವಾದ ಯೆಹೂದಿಗಳ ಹತ್ಯಾಕಾಂಡವೊಂದೇ ಕಾರಣವಲ್ಲ, ಅದು ಮುಟ್ಟದ ಊರುಗಳೂ ಅಷ್ಟೇ ಉತ್ಸಾಹದಿಂದ ನಂಬಿದವು ಎನ್ನುತ್ತಾರೆ. ಈ ಎರಡನೆಯ ಮಾತು ಸರಿ. ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ಆ ಗಹನ ವಿದ್ಯೆ ಆ ಕಾಲಕ್ಕೆ ಅಷ್ಟು ಜನರನ್ನು ಮುಟ್ಟಿರಲೇ ಇಲ್ಲವೆಂದು ವಿದ್ವಾಂಸ ಮೋಶೆ ಇದೆಲ್ ಆಕ್ಷೇಪ ಎತ್ತಿದ್ದಾರೆ. ಹ್ಯಾಂಬರ್ಗಿನ ಒಂದು ಮನೆಯೊಳಗೆ ಹೊಕ್ಕು ನೋಡಿದರೆ ನನಗೂ ಹಾಗೆಯೇ ಅನ್ನಿಸುತ್ತದೆ.

ಅದು ಗ್ಲಿಕ್ಲ್ ಎಂಬ ವ್ಯಾಪಾರಿ ಹೆಣ್ಣುಮಗಳ ಮನೆ. ಗಂಡ ಸತ್ತ ಮೇಲೆ ಆಕೆ ಯಿಡ್ಡಿಷ್‌ನಲ್ಲಿ ಬರೆದಿಟ್ಟ ನೆನಪುಗಳಲ್ಲಿ ಮಾವನ ವಿಷಯ ಬರುತ್ತದೆ. ಹಾಮೆಲ್ನ್‌ನ ಮನೆಮಾರು ಬಿಟ್ಟು ಹೊರಟ ಆ ಹಿರಿಯರು ಎರಡು ದೊಡ್ಡ ಪೀಪಾಯಿಗಳನ್ನು ಸೊಸೆಯ ಮನೆಗೆ ಕಳಿಸಿದರು. ಒಳಗೆ ನಾರುಬಟ್ಟೆ, ಬಟಾಣಿ, ಅವರೆಯಂಥ ಕಾಳು, ಒಣಮಾಂಸ, ಒಣಹಣ್ಣು. ಮೆಸ್ಸೀಯನ ಕರೆ ಬಂದೊಡನೆ ಹ್ಯಾಂಬರ್ಗಿನಲ್ಲಿ ಹಡಗು ಹತ್ತಿ ಪವಿತ್ರ ಭೂಮಿಗೆ ಹೋಗಬೇಕಲ್ಲ! ವರ್ಷ ಕಳೆಯಿತು. ಮಾಂಸ ಕೆಟ್ಟು ಬಟ್ಟೆಯೂ ಹಾಳಾದೀತೆಂಬ ಭಯದಿಂದ, ತಿನ್ನುವ ಪದಾರ್ಥ ತೆಗೆದುಬಿಡಿ ಎಂದು ಕಾಗದ ಬಂತು. ಪೀಪಾಯಿಗಳು ಮಾತ್ರ ಮೂರು ವರ್ಷ ಸಿದ್ಧವಾಗಿಯೇ ನಿಂತಿದ್ದವು.

ಕಾಳು ತುಂಬಿಸಿದ ಆ ಕೈಗಳಿಗೆ ಲೂರಿಯಾ ಬೇಕಿರಲಿಲ್ಲ. ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆಯಲ್ಲೂ ಜೆರುಸಲೇಮ್ ಮತ್ತೆ ಕಟ್ಟಲ್ಪಡಲಿ, ದಾವೀದನ ಚಿಗುರು ಮೂಡಲಿ ಎಂದು ಬೇಡಿದವರಿಗೆ ಅದೇ ಸಾಕಿತ್ತು. ದಿನನಿತ್ಯದ ಈ ಹಂಬಲಕ್ಕೆ ಶೋಲೆಮ್ ಕೊಡುವ ತೂಕ ಕಡಿಮೆಯಾಯಿತು.

ಅದೇ ಹ್ಯಾಂಬರ್ಗಿನಲ್ಲಿ ಆಗ ಯಾಕೋಬ್ ಸಾಸ್ಪೋರ್ತಾಸ್ ಎಂಬ ರಬ್ಬಿಯೂ ಇದ್ದ. ಸಂಪ್ರದಾಯ ಕೇಳುವ ಪ್ರಮಾಣ ಎಲ್ಲಿ ಎಂಬುದು ಅವನ ಪ್ರಶ್ನೆ. ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೋನಿಡಿಸ್ 12ನೇ ಶತಮಾನದಲ್ಲೇ ಅಳತೆಗೋಲು ಕೊಟ್ಟಿದ್ದರು: ಮೆಸ್ಸೀಯ ಪವಾಡ ತೋರಿಸಬೇಕಿಲ್ಲ, ದೇವಾಲಯ ಕಟ್ಟಬೇಕು, ಚದುರಿದವರನ್ನು ಒಗ್ಗೂಡಿಸಬೇಕು. ರೋಮ್ ವಿರುದ್ಧ ಎದ್ದ ಬಾರ್ ಕೋಖ್ಬಾನನ್ನು ಮಹಾಜ್ಞಾನಿ ಅಕೀವಾ ಕೂಡ ಮೆಸ್ಸೀಯನೆಂದು ನಂಬಿದ್ದರು. ಅವನು ಸತ್ತಾಗ ಮೆಸ್ಸೀಯ ಅವನಲ್ಲವೆಂದು ತಿಳಿಯಿತು. ಸಾಸ್ಪೋರ್ತಾಸ್ ತನ್ನ ಹಳೆಯ ಕಾಗದಗಳನ್ನು ಆಮೇಲೆ ತಿದ್ದಿ, ತಾನು ಮೊದಲಿನಿಂದಲೂ ಗಟ್ಟಿಯಾಗಿದ್ದಂತೆ ತೋರಿಸಿಕೊಂಡನೆಂಬುದನ್ನು ಶೋಲೆಮ್ ಬಯಲಿಗೆಳೆಯುತ್ತಾರೆ. ಅದು ನ್ಯಾಯವೇ. ಆದರೆ ಸಾಸ್ಪೋರ್ತಾಸ್ ಮೇಲಿನ ಕೋಪದಲ್ಲಿ ಅವನ ಪ್ರಶ್ನೆಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಊರೆಲ್ಲ ಕುಣಿಯುವಾಗ ಪ್ರಮಾಣ ಕೇಳುವುದಕ್ಕೂ ಧೈರ್ಯ ಬೇಕು.

ಇಷ್ಟಾದರೂ ಈ ವಿಷಯಕ್ಕೆ ಶೋಲೆಮ್ ಅವರ ಗ್ರಂಥ ಬಿಟ್ಟು ಬೇರೆ ಹೆಬ್ಬಾಗಿಲಿಲ್ಲ. ಓದುವವರು ಗ್ಲಿಕ್ಲ್‌ಳ ನೆನಪುಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ಆ ಪೀಪಾಯಿಗಳ ಪುಟ ಓದಿ.