‘ಏಡಿಗಾರ’ ಎಂಬ ಪದದ ಸಾಧ್ಯತೆ: ವೃತ್ತಿನಾಮ ಮತ್ತು ನಿಘಂಟುರಚನೆ

ಇಂಗ್ಲಿಷಿನ ‘ಲಾಬ್‌ಸ್ಟರ್‌ಮನ್’ ಎಂಬ ವೃತ್ತಿನಾಮಕ್ಕೆ ಕನ್ನಡದಲ್ಲಿ ರೂಢಿಯ ಸಮಾನಪದವಿಲ್ಲ. ಅಮೆರಿಕದ ಈಶಾನ್ಯ ಕರಾವಳಿಯ, ಅದರಲ್ಲೂ ಮೇಯ್ನ್ ರಾಜ್ಯದ ಕಥನವನ್ನು ಕನ್ನಡಿಸಲು ಹೊರಟವರಿಗೆ ಈ ಕೊರತೆ ಕೂಡಲೇ ಎದುರಾಗುತ್ತದೆ. ಅಲ್ಲಿ ಒಬ್ಬ ಮನುಷ್ಯ ತನ್ನ ದೋಣಿ, ತನ್ನ ಬೋನುಗಳು, ಅವುಗಳಿರುವ ಜಾಗವನ್ನು ತೋರಿಸುವ ತನ್ನದೇ ಬಣ್ಣದ ತೇಲುಗುರುತುಗಳು ಇವಿಷ್ಟರೊಂದಿಗೆ ಒಂದೇ ಜೀವಿಯನ್ನು ಹಿಡಿದು ಬದುಕುತ್ತಾನೆ. ‘ಮೀನುಗಾರ’ ಎಂದರೆ ಆ ವೈಶಿಷ್ಟ್ಯ ಅಳಿಯುತ್ತದೆ. ‘ಕಡಲೇಡಿ ಹಿಡಿಯುವವನು’ ಎಂದರೆ ಹೆಸರು ಹೋಗಿ ವಿವರಣೆ ಮಾತ್ರ ಉಳಿಯುತ್ತದೆ.

‘ಏಡಿಗಾರ’ ಎಂದು ಹೊಸದಾಗಿ ಟಂಕಿಸಬಹುದಲ್ಲ ಎಂಬ ಸಲಹೆ ಸುಲಭವಾಗಿ ಬರುತ್ತದೆ. ವ್ಯಾಕರಣದ ಅಡ್ಡಿಯೇನೂ ಇಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ, ಕನ್ನಡದ ‘ಇಗ’, ‘ಗಾರ’ ಪ್ರತ್ಯಯಗಳು ಇಂದಿಗೂ ಜೀವಂತವಾಗಿವೆ. ಆದರೆ ಪ್ರತ್ಯಯವು ಮಾಡುವ ಕೆಲಸ ಕಡಿಮೆ. ಬಳೆಗಾರ ಬಳೆ ತೊಡಿಸಿ ಮಾರುವವನು, ಹೂಗಾರ ಹೂ ಕಟ್ಟಿ ಕೊಡುವವನು, ಮೀನುಗಾರ ಮೀನು ಹಿಡಿಯುವವನು. ಮೂರರಲ್ಲೂ ಒಂದೇ ‘ಗಾರ’; ವಸ್ತುವಿಗೂ ಮನುಷ್ಯನಿಗೂ ಇರುವ ಸಂಬಂಧ ಮಾತ್ರ ಬೇರೆ ಬೇರೆ. ಆ ಸಂಬಂಧವನ್ನು ತುಂಬಿಕೊಡುವುದು ಸಮಾಜದ ರೂಢಿಯೇ ಹೊರತು ವ್ಯಾಕರಣವಲ್ಲ. ರೂಢಿಯಿಲ್ಲದೆ ಹುಟ್ಟಿದ ‘ಏಡಿಗಾರ’ ಹಿಡಿಯುವವನೋ ಮಾರುವವನೋ ಸಾಕುವವನೋ ಎಂಬುದು ಓದುಗನಿಗೆ ಅಸ್ಪಷ್ಟವಾಗಿಯೇ ಉಳಿಯುತ್ತದೆ.

ಹಿಡಿಯುವ ಜೀವಿಯಿಂದಲೋ ಸಂಗ್ರಹಿಸುವ ವಸ್ತುವಿನಿಂದಲೋ ಜನರಿಗೆ ಹೆಸರು ಬಂದ ನಿದರ್ಶನಗಳು ಕನ್ನಡದಲ್ಲಿ ಇಲ್ಲದಿಲ್ಲ. ಜೇನುಕುರುಬ, ಹಕ್ಕಿಪಿಕ್ಕಿ ಎಂಬ ಸಮುದಾಯನಾಮಗಳಲ್ಲಿ ಜೇನೂ ಹಕ್ಕಿಯೂ ನಿಂತಿವೆ. ಒಂದು ಸಮುದಾಯದ ಬದುಕು ಒಂದು ಸಂಗ್ರಹದ ಸುತ್ತ ಕಟ್ಟಿಕೊಂಡಾಗ ಹೆಸರು ತಾನಾಗಿ ಹುಟ್ಟಿದೆ. ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರರ ಬದುಕು ಹಾಗೆ ಒಂದೇ ಜೀವಿಗೆ ಕಟ್ಟುಬಿದ್ದುದಲ್ಲ. ರಂಪಣಿ ಎಳೆದರೂ ಕಂತಬಲೆ ಬಿಟ್ಟರೂ ಬಂದದ್ದೆಲ್ಲ ಬಂದಂತೆ; ಲಾಬ್‌ಸ್ಟರ್ ಅದರಲ್ಲೊಂದು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿದಾಗಲೂ ಈ ಸ್ಥಿತಿ ಬದಲಾಗಲಿಲ್ಲ. ಭಾರತದಲ್ಲಿ ಲಾಬ್‌ಸ್ಟರ್ ಹಿಡಿತಕ್ಕೆ ಹೆಸರಾದ ತೀರಗಳು ಗುಜರಾತ್, ಮಹಾರಾಷ್ಟ್ರ, ತಮಿಳುನಾಡುಗಳವು. ಕರ್ನಾಟಕದ ಪಾಲು ಅಲ್ಪ. ಆದ್ದರಿಂದ ಪದವಿಲ್ಲದಿರುವುದನ್ನು ಭಾಷೆಯ ಬಡತನವೆಂದು ಎಣಿಸುವುದು ಸರಿಯಲ್ಲ.

ಬಡತನವಿರುವುದು ಬೇರೆಡೆ. ವೃತ್ತಿಗಿರಲಿ, ಜೀವಿಗೇ ಶಿಷ್ಟ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ‘ಕಡಲೇಡಿ’, ‘ಸಮುದ್ರದ ಏಡಿ’, ‘ದೊಡ್ಡ ಸೀಗಡಿ’ ಎಂಬ ರಚನೆಗಳೆಲ್ಲ ದೂರದಿಂದ ನೋಡಿ ಇಟ್ಟ ಹೆಸರುಗಳು. ಏಡಿ ಎಂದೊಡನೆ ಕನ್ನಡಿಗನ ಕಣ್ಣೆದುರು ಬರುವುದು ಇಕ್ಕುಳದಂಥ ಎರಡು ಕೈಗಳು. ಉತ್ತರ ಅಟ್ಲಾಂಟಿಕ್ಕಿನ ಲಾಬ್‌ಸ್ಟರಿಗೆ ಅವು ಉಂಟು. ಅರಬ್ಬೀ ಸಮುದ್ರದ ತೀರದಲ್ಲಿ ಬಲೆಗೆ ಬೀಳುವ ಜಾತಿಗಳಿಗೆ ಇಲ್ಲ. ಇಲ್ಲಿಯದಕ್ಕೆ ಮುಳ್ಳುಮುಳ್ಳಾದ ಉದ್ದನೆಯ ಮೀಸೆಗಳಿವೆ. ಮತ್ತೊಂದು ಜಾತಿಯಂತೂ ಚಪ್ಪಟೆ. ಅಂದರೆ ‘ಕಡಲೇಡಿ’ಯನ್ನು ಕಟ್ಟಿದ ಕಲ್ಪನೆಯು ಇಂಗ್ಲಿಷ್ ಪುಸ್ತಕದ ಚಿತ್ರಕ್ಕೆ ಹೊಂದುತ್ತದೆಯೇ ಹೊರತು ಮಲ್ಪೆಯ ಬಂದರಿಗೆ ಹೊಂದುವುದಿಲ್ಲ. (ಇಂಗ್ಲಿಷಿನವರದೂ ಸಾದೃಶ್ಯದ ಹೆಸರೇ, ‘ಲಾಬ್‌ಸ್ಟರ್’ ಪದದ ಹಿಂದೆ ಲ್ಯಾಟಿನ್ನಿನ ಮಿಡತೆಯಿದೆ.)

ಇದಕ್ಕೆ ಕಾರಣವನ್ನು ಕನ್ನಡ ನಿಘಂಟುರಚನೆಯ ಭೂಗೋಳದಲ್ಲಿ ಹುಡುಕಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕೋಶ ಗ್ರಂಥಸ್ಥ ಪದಗಳೊಡನೆ ಆಡುಮಾತನ್ನೂ ಸೇರಿಸಿಕೊಂಡಿತು; ಮೈಸೂರು ಸೀಮೆಯ ಪದವೋ ದಕ್ಷಿಣ ಮರಾಠಾ ಸೀಮೆಯದೋ ಎಂದು ಗುರುತು ಹಾಕಿತು; ತುಳು, ತಮಿಳು, ತೆಲುಗುಗಳ ಜ್ಞಾತಿಪದಗಳನ್ನು ಪಕ್ಕದಲ್ಲಿಟ್ಟಿತು. ಮುಂದೆ ಈ ಕಾರ್ಯದ ಕೇಂದ್ರ ಕಡಲಿನಿಂದ ಬಹುದೂರದ ಬೆಂಗಳೂರಾಯಿತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಹೊರತಂದ ‘ಕನ್ನಡ ನಿಘಂಟು’ ಚಾರಿತ್ರಿಕ ತತ್ತ್ವದ ಮೇಲೆ ನಿಂತ ಮಹಾಕಾರ್ಯ. ಅದರ ಬಲವೇ ಅದರ ಮಿತಿಯನ್ನೂ ಸೂಚಿಸುತ್ತದೆ: ಮುಖ್ಯ ಆಕರಗಳು ಕಾವ್ಯ ಮತ್ತು ಶಾಸನಗಳಾದಾಗ, ಆ ಎರಡರಲ್ಲೂ ಕಾಣಿಸದ ಕಸುಬಿನ ಪದ ಚೀಟಿಗೆ ಏರುವುದು ಕಷ್ಟ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವಿದ್ವತ್ ವಲಯದಲ್ಲಿ ಮೀನಿನ ಅಡುಗೆಯಿಲ್ಲದ ಮನೆಗಳೇ ಹೆಚ್ಚೆಂಬುದನ್ನೂ ಇಲ್ಲಿ ನೆನೆಯಬಹುದು. ಸಂಪಾದಕರ ಶ್ರದ್ಧೆಯ ಬಗ್ಗೆ ಇದು ಆಕ್ಷೇಪವಲ್ಲ; ಆದರೆ ಒಂದು ಪದ ತಪ್ಪಾಗಿ ಕೇಳಿಸಿದಾಗ ಥಟ್ಟನೆ ತಿದ್ದುವ ಕಿವಿ ಆ ಕೊಠಡಿಯಲ್ಲಿ ಇರಬೇಕಾಗುತ್ತದೆ.

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ಅವಧಿಯಲ್ಲಿ 6 ಸಂಪುಟಗಳಾಗಿ ಬಂದ ‘ತುಳು ನಿಘಂಟು’ ಮತ್ತೊಂದು ಮಾರ್ಗವನ್ನು ತೋರಿದೆ. ಜನರ ಬಾಯಿಮಾತನ್ನೂ ಮೌಖಿಕ ಸಾಹಿತ್ಯವನ್ನೂ ಆಧಾರವಾಗಿಸಿಕೊಂಡ ಈ ಕ್ರಮವನ್ನು ಕನ್ನಡದ ವೃತ್ತಿಪದಗಳಿಗೂ ಅನ್ವಯಿಸಬೇಕು. ತುಳುವರು ಸೀಗಡಿಗೆ ‘ಎಟ್ಟಿ’, ಏಡಿಗೆ ‘ಡೆಂಜಿ’ ಎನ್ನುತ್ತಾರೆ. ಕೊಂಕಣಿಯಲ್ಲಿ ಏಡಿ ‘ಕುರ್ಲಿ’. ಲಾಬ್‌ಸ್ಟರಿಗೆ ಮರಾಠಿಯಲ್ಲಿ ‘ಶೇವಂಡ’ ಎಂಬ ಸ್ವತಂತ್ರ ಪದವೇ ಇದೆ. ಬಳಕೆಯಲ್ಲಿರುವ ನೆರೆಯ ಪದವನ್ನು ಬಿಟ್ಟು ‘ಸಮುದ್ರದ ಏಡಿ’ ಎಂದು ಸಮಾಸ ಕಟ್ಟುವುದರಲ್ಲಿ ಶುದ್ಧತೆಯ ಹಟವಿದೆಯೇ ಹೊರತು ಪ್ರಯೋಜನವಿಲ್ಲ.

ಹೆಸರಿಲ್ಲದಿರುವುದರ ಪರಿಣಾಮ ಅನುವಾದಕನ ಮೇಜಿನಲ್ಲೇ ಮುಗಿಯುವುದಿಲ್ಲ. 2003ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಲಾಬ್‌ಸ್ಟರ್ ರಫ್ತಿಗೆ ಜಾತಿವಾರು ಕನಿಷ್ಠ ತೂಕವನ್ನು ಗೊತ್ತುಪಡಿಸಿತು: ಒಂದಕ್ಕೆ 200 ಗ್ರಾಂ, ಇನ್ನೊಂದಕ್ಕೆ 300, ಮತ್ತೊಂದಕ್ಕೆ 500, ಚಪ್ಪಟೆ ಜಾತಿಗೆ 150. ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಮಾರಾಟವಾಗದಿರಲಿ ಎಂಬುದು ಇದರ ಉದ್ದೇಶ. ನಿಯಮ ಜಾತಿಗಳನ್ನು ಲ್ಯಾಟಿನ್ ಹೆಸರಿನಿಂದ ಗುರುತಿಸುತ್ತದೆ. ಅದನ್ನು ಕನ್ನಡಕ್ಕೆ ತರುವವರು ನಾಲ್ಕನ್ನೂ ‘ಕಡಲೇಡಿ’ ಎಂದು ಬರೆದರೆ, ಬಲೆಯಿಂದ ಬಿಡಿಸಿಕೊಂಡ ಜೀವಿಗೆ ಇವುಗಳಲ್ಲಿ ಯಾವ ತೂಕ ಅನ್ವಯಿಸುತ್ತದೆಂಬುದು ದೋಣಿಯವನಿಗೆ ತಿಳಿಯುವಂತಿಲ್ಲ.