ಪಕ್ಕದ ಸೀಟಿನವನು

ಫೋರ್ ವೀಲ್ ಡ್ರೈವ್ ಗಾಡಿ ಹೊಸದಾಗಿ ಕೊಂಡವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಟೈರಿನದು, ಎರಡನೆಯದು ವಿಂಚಿನದು. ಮೂರನೆಯದಕ್ಕೆ ಬರುವ ಮೊದಲೇ ನಾನು ಕೇಳುತ್ತೇನೆ: ಪಕ್ಕದಲ್ಲಿ ಕೂರುವವರು ಯಾರು? ತಮಾಷೆ ಅಂದುಕೊಂಡು ನಗುತ್ತಾರೆ. ಆಫೀಸಿನವರು ನಾಲ್ಕು ಜನ ಬರ್ತೀವಿ ಸಾರ್ ಅನ್ನುತ್ತಾರೆ. ನಾಲ್ಕು ಜನ ಬೇಡ, ಒಬ್ಬ ಸಾಕು. ಆದರೆ ಆ ಒಬ್ಬ ಹೇಳಿಸಿಕೊಳ್ಳದೆ ಕೆಸರಿಗೆ ಇಳಿಯುವವನಾಗಿರಬೇಕು, ಇಳಿದ ಮೇಲೆ ಕೂಗಾಡದವನಾಗಿರಬೇಕು.

ಘಟ್ಟದ ಜೀಪು ದಾರಿಯಲ್ಲಿ ಸ್ಟೇರಿಂಗ್ ಹಿಡಿದವನಿಗೆ ಕಾಣುವುದು ಅರ್ಧವೇ. ಕಡಿದಾದ ಏರಿನಲ್ಲಿ ಬಾನೆಟ್ಟಿನಾಚೆ ಬರೀ ಆಕಾಶ. ಮುಂದಿನ ಚಕ್ರದ ಬುಡದಲ್ಲಿ ಏನಿದೆ ಎಂಬುದು ಹೊರಗೆ ನಿಂತವನಿಗೇ ಗೊತ್ತು. ಕಳಸದ ಹತ್ತಿರ ಸಂಸೆಯಿಂದ ಮುಳ್ಳೋಡಿಗೆ ಇಂಥದೊಂದು ದಾರಿ ಇದೆ. ಕುದುರೆಮುಖ ಶಿಖರಕ್ಕೆ ನಡೆಯುವವರು ಹೊರಡುವುದು ಮುಳ್ಳೋಡಿಯಿಂದಲೇ. ಹೆಚ್ಚಿನವರು ಬಾಡಿಗೆ ಜೀಪಿನ ಹಿಂದೆ ಕೂತು, ತಲೆ ಕಂಬಿಗೆ ಬಡಿಸಿಕೊಳ್ಳುತ್ತ ಆ ದಾರಿಯನ್ನು ಶಪಿಸಿ ಮುಗಿಸುತ್ತಾರೆ. ನನಗೂ ನನ್ನ ಗೆಳೆಯನಿಗೂ ಶಿಖರಕ್ಕಿಂತ ಆ ದಾರಿಯೇ ಇಷ್ಟ. ಅವನು ಕಳಸದ ಕಡೆಯ ಸಣ್ಣ ಕಾಫಿ ಬೆಳೆಗಾರ, ಹುಟ್ಟಿದಾರಭ್ಯ ಜೀಪು ಕಂಡವನು.

ಕಳೆದ ಸಲ ಒಂದು ತಿರುವಿನಲ್ಲಿ ಮಳೆನೀರು ಮಣ್ಣನ್ನೆಲ್ಲ ತೊಳೆದುಕೊಂಡು ಹೋಗಿ, ದಾರಿಯ ನಡುವೆ ಒಂದು ಕಲ್ಲು ಎದ್ದು ಕೂತಿತ್ತು. ಗೆಳೆಯ ಇಳಿದ, ಕುಕ್ಕರಗಾಲಲ್ಲಿ ಕೂತು ಕಲ್ಲಿನ ಎತ್ತರಕ್ಕೆ ಗೇಣು ಹಾಕಿದ. ಗೇಣಿಗಿಂತ ಮೇಲೆ. ಹೊಸಬನಾದರೆ ಏನು ಮಾಡುತ್ತಾನೆ? ಎರಡು ಚಕ್ರದ ನಡುವೆ ಕಲ್ಲನ್ನು ಬಿಟ್ಟುಕೊಂಡು ದಾಟಲು ನೋಡುತ್ತಾನೆ. ಜೀಪಿನ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗೆ ಜೋತಿರುವುದು ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು. ಕಲ್ಲು ತಾಗುವುದು ಅದಕ್ಕೇ, ಒಡೆದರೆ ಆಯಿಲ್ ಅಲ್ಲೇ ನೆಲದ ಪಾಲು. ಆದ್ದರಿಂದ ಕಲ್ಲನ್ನು ತಪ್ಪಿಸಬಾರದು, ಚಕ್ರವನ್ನೇ ಅದರ ಮೇಲೆ ಹತ್ತಿಸಬೇಕು. ಚಕ್ರ ಎದ್ದಾಗ ಆಕ್ಸಲ್ಲೂ ಜೊತೆಗೇ ಏಳುತ್ತದೆ.

ಎಡ, ಬಲ ಎಂಬ ಮಾತನ್ನು ಗೆಳೆಯ ಆಡುವುದೇ ಇಲ್ಲ. ಎದುರು ನಿಂತವನ ಎಡ ಕೂತವನ ಬಲವಾಗುವ ಎಡವಟ್ಟು ಬೇಡವೆಂದು. "ಧರೆ ಕಡೆ ಒಡಿ... ಇನ್ನೊಂಚೂರು... ಸಾಕು ಮಾರಾಯಾ, ಈಗ ನೆಟ್ಟಗೆ ಬಿಡು." ಧರೆ ಅಂದರೆ ಗುಡ್ಡ ಕಡಿದ ಬದಿ, ಹೊಂಡ ಅಂದರೆ ಇನ್ನೊಂದು ಬದಿ. ಇಬ್ಬರಿಗೂ ಒಂದೇ ಧರೆ, ಒಂದೇ ಹೊಂಡ. ಕಲ್ಲಿನ ಮೇಲೆ ಟೈರು ಹತ್ತುವಾಗ ರಬ್ಬರು ನರಳಿತು, ಗಾಡಿ ಹೊಂಡದ ಕಡೆ ವಾಲಿತು, ನಾನು ಅವನ ಅಂಗೈ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅಂಗೈ ಮುಚ್ಚಿದರೆ ನಿಲ್ಲಿಸಬೇಕು. ಮುಚ್ಚಲಿಲ್ಲ.

ಇದಕ್ಕೆಲ್ಲ ಬೇಕಾದ ಯಂತ್ರ ಗೇರ್ ಲಿವರಿನ ಪಕ್ಕದ ಚಿಕ್ಕ ಲಿವರು. ಫೋರ್ ಲೋಗೆ ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಹೆಚ್ಚುಕಡಿಮೆ ಎರಡೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೂ ಡೀಸೆಲ್ ಜೀಪು ತಾನೇ ತೆವಳುತ್ತದೆ, ಜೊತೆಗೆ ನಡೆಯುವವನೇ ಮುಂದೆ ಹೋಗುತ್ತಾನೆ. ಇಳಿಯುವಾಗಲೂ ಅದೇ ಗೇರು, ಕ್ಲಚ್ಚಿನಿಂದ ಕಾಲು ದೂರ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಎಂಜಿನ್ನೇ ಹಿಡಿದುಕೊಳ್ಳಲಿ. ಭರ್ರೆಂದು ಏರಿಸಿ ವಿಡಿಯೋ ತೆಗೆಯುವವರ ಸಾಹಸ ನನಗೆ ರುಚಿಸದು. ಭರ್ರೆಂದವನಿಗೆ ದಾರಿ ಕಾಣುವುದಿಲ್ಲ.

ಈ ದಾರಿಗಳ ಹುಟ್ಟಿನ ಬಗ್ಗೆ ಒಂದು ಮಾತು. ಬೆಟ್ಟದ ದೊಡ್ಡ ಸಂಪತ್ತು ಇಳಿದದ್ದು ಈ ರಸ್ತೆಗಳಲ್ಲಿ ಅಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆಂದು ರೋಪ್‌ವೇಯಲ್ಲಿ ತೂಗಿಕೊಂಡು ಇಳಿಯಿತು. ಕುದುರೆಮುಖದ್ದು, 2005ರ ಕೊನೆಗೆ ಗಣಿ ನಿಲ್ಲುವವರೆಗೂ, ನೀರಿನಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಕೊಳವೆಯೊಳಗೆ ಮಂಗಳೂರಿಗೆ ಹರಿಯಿತು. ರಸ್ತೆ ಉಳಿದದ್ದು ಕಾಫಿಗೆ, ಏಲಕ್ಕಿಗೆ, ಅಡಿಕೆಗೆ, ಆಸ್ಪತ್ರೆಗೆ ಹೊರಟ ಬಸುರಿಗೆ. ಅದರ ಅಳತೆಯೂ ಅಷ್ಟೇ: ಒಂದು ಜೀಪಿನ ಅಗಲ, ಒಂದು ರಿವರ್ಸ್ ಹಾಕದೆ ತಿರುಗದ ತಿರುವು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ವಿಲ್ಲೀಸ್ ಜೀಪುಗಳು ತೋಟಗಳಿಗೆ ಬಂದವು. ಮಹೀಂದ್ರಾದವರು 1947ರಲ್ಲಿ ಅದೇ ಜೀಪನ್ನು ಇಲ್ಲಿ ಜೋಡಿಸಲು ಶುರುಮಾಡಿದರು. ಮಲೆನಾಡಿನಲ್ಲಿ ಇಂದಿಗೂ ಅದರ ಮಕ್ಕಳು ಮೊಮ್ಮಕ್ಕಳೇ ಓಡುತ್ತಿರುವುದು. ಗ್ಯಾಸ್ ಸಿಲಿಂಡರು, ಹಿಂಡಿ ಮೂಟೆ, ರೇಷನ್ ಅಕ್ಕಿ, ಜೊತೆಗೆ ಹನ್ನೆರಡು ಜನ.

ಮಳೆಗಾಲದಲ್ಲಿ ಈ ಜೀಪುಗಳ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಬೀಳುತ್ತದೆ. ಕೆಂಪು ಜೇಡಿ ಒಮ್ಮೆ ನೆನೆದರೆ ಎಂಥ ಬೆಲೆಯ ಟೈರಿನ ಹಲ್ಲೂ ತುಂಬಿ ನುಣ್ಣಗಾಗುತ್ತದೆ. ಚೈನು ಮಾತ್ರ ಮಣ್ಣನ್ನು ಕಚ್ಚುತ್ತದೆ. ದಾರಿಯನ್ನೂ ಅಗೆಯುತ್ತದೆ, ಅದಕ್ಕೇ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಾವು ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿರುವವರಿಗೆ ಬೇರೆ ಗತಿಯಿಲ್ಲ, ನಮಗೆ ಇದೆ. ಹೋಗಬೇಕಾದದ್ದು ನವೆಂಬರಿನಲ್ಲಿ: ಹಳ್ಳದಲ್ಲಿ ನೀರಿರುತ್ತದೆ, ಧೂಳು ಎದ್ದಿರುವುದಿಲ್ಲ, ಇಂಬಳಗಳ ಹಾವಳಿಯೂ ತಗ್ಗಿರುತ್ತದೆ.

ಮಡಿಕೇರಿಯಾಚೆಯ ಮಾಂದಲ್‌ಪಟ್ಟಿಗೆ ವಾರದ ಕೊನೆಗೆ ಹೋದವರು ಜೀಪುಗಳ ಸಾಲು ನೋಡಿರುತ್ತೀರಿ. ಅವು ಬಾಡಿಗೆಯವರ ಅನ್ನ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ದಾರಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸುವ ನಮ್ಮಂಥ ಹವ್ಯಾಸಿಗಳ ಮೇಲೆ. ಬೋಳುಗುಡ್ಡದ ಹುಲ್ಲು ನಿಂತಿರುವುದು ತೆಳುವಾದ ಮಣ್ಣಿನ ಮೇಲೆ. ಒಮ್ಮೆ ಚಕ್ರದ ಗುರುತು ಬಿದ್ದರೆ ಮುಂದಿನ ಮಳೆಗೆ ಅದೇ ಚರಂಡಿ, ಅದರ ಮುಂದಿನದಕ್ಕೆ ಕೊರಕಲು. 1343 ಮೀಟರ್ ಎತ್ತರದ ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದೊಳಗೆ. ಅಲ್ಲಿಗೆ ಹೋಗುವುದಾದರೆ ಸ್ವಂತ ಗಾಡಿಯ ಪೌರುಷ ಬಿಟ್ಟು ಆ ಊರಿನ ಜೀಪನ್ನೇ ಹತ್ತಿ, ಡ್ರೈವರಿನ ಪಕ್ಕ ಜಾಗ ಕೇಳಿ ಕೂತು ಅವನ ಕಾಲುಗಳನ್ನು ನೋಡಿ. ಯಾವ ತರಬೇತಿಗಿಂತಲೂ ಹೆಚ್ಚು ಅಲ್ಲಿ ಸಿಗುತ್ತದೆ.

ಇನ್ನೊಂದು ಶಿಸ್ತು: ಬೆಟ್ಟದ ದಾರಿಯಲ್ಲಿ ಏರುವ ಗಾಡಿಗೆ ಇಳಿಯುವವನು ಜಾಗ ಬಿಡಬೇಕು. ಇದು ಕಾನೂನೂ ಹೌದು. ಆ ದಿನ ನಾವು ಇಳಿಯುವಾಗ ಎದುರಿಗೆ ಒಂದು ತುಂಬಿದ ಸರ್ವಿಸ್ ಜೀಪು ಬಂತು. ಗೆಳೆಯ ಇಳಿದು, ಹಿಂದೆ ನಿಂತು, ಹಿಂದಿನ ತಿರುವಿನವರೆಗೂ ನನ್ನನ್ನು ರಿವರ್ಸಿನಲ್ಲೇ ಏರಿಸಿದ. ಜೀಪಿನವನು ಪಕ್ಕಕ್ಕೆ ಬಂದು ನಿಲ್ಲಿಸಿ, ಎಲ್ಲಿಗೆ ಹೋಗಿದ್ದು ಎಂದು ಕೇಳಿದ. ಸುಮ್ಮನೆ, ದಾರಿ ನೋಡಲು ಅಂದೆ.

"ಈ ದಾರೀಲಿ ನೋಡೋದು ಎಂತದುಂಟು ಮಾರಾಯ್ರೆ?" ಎಂದು ನಕ್ಕು, "ಹೇಗೂ ಖಾಲಿ ಇಳೀತಿದ್ದೀರಿ, ಕೆಳಗೆ ಅಂಗಡಿ ಹತ್ರ ಒಬ್ರು ಅಮ್ಮ ಕಾಯ್ತಿದ್ದಾರೆ. ಇನ್ನೊಂದು ಟ್ರಿಪ್ಪಿಗೆ ಖಂಡಿತ ಬರ್ತೇನೆ ಅಂತ ಹೇಳಿ" ಅಂದ.

ಹೇಳಿದೆವು. ಆಯಮ್ಮ ನಂಬಲಿಲ್ಲ. ಅವನ ಇನ್ನೊಂದು ಟ್ರಿಪ್ಪು ತಾನು ಎಷ್ಟೋ ವರ್ಷದಿಂದ ನೋಡ್ತಾ ಇರೋದೇ ಅಂದರು, ನೀವೇ ತಿರುಗಿಸಿಕೊಂಡು ಬಿಟ್ಟು ಬನ್ನಿ ಅಂದರು. ಗೆಳೆಯ ಆಗಲೇ ಪಕ್ಕದ ಸೀಟು ಬಿಟ್ಟುಕೊಟ್ಟು, ಅವರ ಹಿಂಡಿ ಮೂಟೆಯ ಜೊತೆ ಹಿಂದೆ ಹತ್ತಿ ಕೂತಿದ್ದ.